ಖಾಲಿ ಕೈಯಲ್ಲಿ ಹಾಡಿಸಿದ ಮಾಸ್ತರರು

ಬೀದರಿನಿಂದ ಟಪಾಲು ತಂದವನು ಚೀಲವನ್ನು ನನ್ನ ಮುಂದೆ ಇಳಿಸಿ, ರುಮಾಲಿನಿಂದ ಕತ್ತು ಒರೆಸಿಕೊಳ್ಳುತ್ತ, "ನಿಮ್ಮ ಹಾಡಿನ ಮಾಸ್ತರ ತೀರಕೊಂಡ್ರಂತರಿ," ಎಂದ.

ನಾನು ಭಾಲ್ಕಿ ತಹಸೀಲು ಕಚೇರಿಯಲ್ಲಿ ನಕಲು ಬರೆಯುವವನು. ಕೈಯಲ್ಲಿದ್ದ ಹುಕುಮಿನ ಸಾಲನ್ನು ಬರೆದು ಮುಗಿಸಿದೆ. ಆಮೇಲೆ ಕೇಳಿದೆ, "ಯಾವ ಮಾಸ್ತರ?"

"ಎಷ್ಟು ಮಂದಿ ಇದ್ದಾರ್ರಿ ಹಾಡಿನ ಮಾಸ್ತರ? ಮಿಶನ್ ಸಾಲಿಯವರು. ಮೂರು ದಿನ ಜ್ವರ ಬಂದಿತ್ತಂತ. ಮಣ್ಣೂ ಆಯಿತು."

ನಾನು ಮತ್ತೆ ಬರೆಯತೊಡಗಿದೆ. ಸಂಜೆ ಮುನ್ಶಿಯವರು ಆ ಹಾಳೆಯನ್ನು ನೋಡಿ ನನಗೆ ವಾಪಸು ಕೊಟ್ಟರು. ಒಂದೇ ಸಾಲನ್ನು ಮೇಲಿನಿಂದ ಕೆಳಗಿನವರೆಗೆ ಬರೆದಿಟ್ಟಿದ್ದೆ.

ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ನಿಜಾಮ ಸರಕಾರದ ಫಸಲಿ ತಾರೀಖು, ಎಷ್ಟು ನಕಲು, ಯಾವ ಊರಿಗೆ ಹೋಗಿದ್ದೆ, ಯಾವ ಹಾಡು ಕೇಳಿದೆ, ಹಾಡಿದವರು ಎಷ್ಟು ಜನ, ವಾದ್ಯ ಯಾವುದು, ಎಲ್ಲಕ್ಕೂ ಗೆರೆ ಎಳೆದು ಮನೆ ಮಾಡಿಟ್ಟುಕೊಂಡಿದ್ದೇನೆ. ಗೆಳೆಯರು ನಗುತ್ತಾರೆ. ಆ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ. ಈಗ ಕೈ ಸ್ವಲ್ಪ ಸ್ಥಿಮಿತಕ್ಕೆ ಬಂದಿದೆ ಎಂದು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಅದು ಅವರದೇ ಮಾತು. ಒಮ್ಮೆ ಹೆಸರಿನ ಮನೆಯನ್ನು ತುಂಬಲು ಹೋದಾಗ ತಡೆದಿದ್ದರು. "ಹೆಸರು ಬ್ಯಾಡ್ರಿ. ನನ್ನ ಹೆಸರು ಕೇಳಿ, ಯಾರ ಮಗ ಅಂತ ಕೇಳಿ, ಮಂದಿ ಒಂದು ಹೆಜ್ಜಿ ಹಿಂದ ಸರೀತಾರ. ಹಾಡು ಕೇಳಿದ್ರ ಒಂದು ಹೆಜ್ಜಿ ಮುಂದ ಬರ್ತಾರ. ನೀವು ಹಾಡಿಂದ ಬರಕೋರಿ."

ಅವರನ್ನು ಮೊದಲು ನೋಡಿದಾಗ ನನ್ನ ಗಮನಕ್ಕೆ ಬಂದದ್ದು ಅವರ ಕೈಗಳು. ಉದ್ದನೆಯ ಕೈ, ಅಗಲವಾದ ಅಂಗೈ. ಅದರಲ್ಲಿ ಏನೂ ಇರುತ್ತಿರಲಿಲ್ಲ. ಛತ್ರಿಯನ್ನು ಕಂಕುಳಲ್ಲಿ ಇರುಕುತ್ತಿದ್ದರು, ತರಕಾರಿಯನ್ನು ಹೆಗಲ ವಸ್ತ್ರದಲ್ಲಿ ಗಂಟು ಹಾಕುತ್ತಿದ್ದರು, ಸೀಮೆಸುಣ್ಣವನ್ನು ಜೇಬಿನಲ್ಲಿ ಇಡುತ್ತಿದ್ದರು. ಕೈಗೆ ಚಹಾದ ಬಟ್ಟಲು ಕೊಟ್ಟರೆ ಅದನ್ನು ಕಟ್ಟೆಯ ಮೇಲಿಟ್ಟು, ಕೈಗಳನ್ನು ಕೆಳಗೆ ಬಿಟ್ಟು, ಆಮೇಲೆ ಮಾತಾಡುತ್ತಿದ್ದರು. ಓಣಿಯ ಹುಡುಗರು ಅವರ ಹಿಂದೆ ಕೈ ಜೋತುಬಿಟ್ಟುಕೊಂಡು ನಡೆದು ಅಣಕಿಸುತ್ತಿದ್ದರು. ಅವರಿಗೆ ಗೊತ್ತಿತ್ತು. ಒಮ್ಮೆ ತಿರುಗಿ ನಿಂತು, "ಭುಜ ಬಿಗಿ ಹಿಡೀಬ್ಯಾಡ್ರಿ. ಬರೋಬರಿ ಜೋತುಬಿಟ್ರ ಗಂಟಲು ತಾನ ತೆರೀತದ," ಎಂದು ಪಾಠವನ್ನೇ ಮಾಡಿದರು. ಆ ಹುಡುಗರಲ್ಲಿ ಇಬ್ಬರು ಮರುವಾರ ಅವರ ಮೇಳದಲ್ಲಿ ನಿಂತಿದ್ದರು.

ಆ ವರ್ಷ ಕಚೇರಿಯ ಕೆಲಸ ಕಲಿಯಲೆಂದು ನಾನು ಬೀದರಿನಲ್ಲಿದ್ದೆ. ಮಿಶನ್ ಕಂಪೌಂಡಿನ ಹಿಂದಿನ ಓಣಿಯಲ್ಲಿ ನನ್ನ ಕೋಣೆ. ಬಹಮನ್ ತಿಂಗಳ ಚಳಿಯ ಒಂದು ಸಂಜೆ ಶಾಲೆಯ ಕಡೆಯಿಂದ ದನಿಗಳು ಕೇಳಿಬಂದವು. ಜಗಳ ಎಂದುಕೊಂಡೆ. ನಮ್ಮಲ್ಲಿ ಭಜನೆ ಎಂದರೆ ಒಬ್ಬರು ಎತ್ತಿದ ಸೊಲ್ಲನ್ನು ಉಳಿದವರು ಅದೇ ದನಿಯಲ್ಲಿ ಹಿಡಿಯುವುದು. ನೂರು ಜನ ಇದ್ದರೂ ಹಾಡು ಒಂದೇ. ಇಲ್ಲಿ ಹೆಂಗಸರದ್ದು ಒಂದು ದಾರಿ, ಮಕ್ಕಳದ್ದು ಒಂದು, ಗಂಡಸರಲ್ಲೇ ಎರಡು. ಹಾರ್ಮೋನಿಯಂ ಪೇಟಿಯ ಸದ್ದಿಲ್ಲ, ತಬಲಾ ಇಲ್ಲ, ತಾಳ ಇಲ್ಲ. ಜಗಳ ಬಿಡಿಸಲು ಹೋದವನು ಬಾಗಿಲಲ್ಲೇ ನಿಂತೆ. ನಾಲ್ಕು ದಾರಿಗಳೂ ಒಂದು ಕಡೆ ಬಂದು ನಿಂತವು. ನನ್ನ ಎದೆಯ ಮೇಲೆ ಯಾರೋ ಅಂಗೈ ಇಟ್ಟಂತಾಯಿತು. ಆ ನಾಲ್ಕರ ಮೇಲೆ, ಬಹಳ ಎತ್ತರದಲ್ಲಿ, ಇನ್ನೊಂದು ದನಿ ಸಣ್ಣಗೆ ಕೇಳಿಸಿತು. ಹಾಡುವವರ ಬಾಯಿಗಳನ್ನು ಒಂದೊಂದಾಗಿ ನೋಡಿದೆ. ಅದು ಯಾರ ಬಾಯಿಯಿಂದಲೂ ಬರುತ್ತಿರಲಿಲ್ಲ. ಬಾಗಿಲ ಹಿಂದೆ ಇಣುಕಿದೆ.

"ಯಾರನ್ನ ಹುಡುಕ್ಲತ್ತೀರಿ?" ಎಂದು ಕೇಳಿದರು ಮಾಸ್ತರರು.

"ಐದನೇದವರು ಎಲ್ಲಿ ಕುಂತಾರ್ರಿ?"

ಅವರು ನಕ್ಕರು. "ನಿಮಗ ಕೇಳಿಸಿತೇನು? ಅವ ದಿನಾ ಬರಲ್ಲರಿ. ನಾಕೂ ಕಡಿ ಖರೇ ಹಾಡಿದ ದಿನ ಬರ್ತಾನ. ಒಬ್ಬರು ಜರಾ ಸುಳ್ಳು ಹಾಡಿದ್ರೂ ಎದ್ದು ಹೋಗ್ತಾನ."

ವಾದ್ಯದ ಮನೆಯಲ್ಲಿ ಏನೆಂದು ಬರೆಯಲಿ ಎಂದು ಕೇಳಿದೆ.

"ಖಾಲಿ ಬಿಡ್ರಿ."

ಅಂದಿನಿಂದ ವಾರಕ್ಕೆ ಎರಡು ಸಂಜೆ ಅವರ ಮನೆಯ ಕಟ್ಟೆಯ ಮೇಲೆ ನಾನು ಹಾಜರು. ಶ್ರುತಿಗೆ ಅವರ ಹತ್ತಿರ ಏನೂ ಇರಲಿಲ್ಲ. ಬಲಗಿವಿಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೂಗಿನಲ್ಲೇ ಒಂದು ಸ್ವರ ತೆಗೆಯುತ್ತಿದ್ದರು. ಅದು ನಾಲ್ಕೂ ಕಡೆಗೆ ಹಂಚಿಹೋಗುತ್ತಿತ್ತು. ಹಾಡುವವರನ್ನು ಆರಿಸುವ ರೀತಿಯೂ ಅವರದೇ. ಹಾಡು ಎಂದು ಹೇಳುತ್ತಿರಲಿಲ್ಲ. "ನಿಮ್ಮ ಎಮ್ಮಿ ದೂರ ಹೋಗ್ಯಾದ ಅನಕೋರಿ. ಕರೀರಿ ನೋಡಮು," ಎನ್ನುತ್ತಿದ್ದರು. ಎಮ್ಮೆಯನ್ನು ಕರೆಯುವಾಗ ಯಾರೂ ನಾಚುವುದಿಲ್ಲ, ಸ್ವಂತ ದನಿ ಬರುತ್ತದೆ ಎಂಬುದು ಅವರ ನಂಬಿಕೆ. ಔರಾದದ ಕಡೆಯ ಒಬ್ಬ ರೈತ ಎತ್ತು ಹೂಡಿ ಬಾವಿಯಿಂದ ನೀರು ಎತ್ತುತ್ತ ಹಾಡುವುದನ್ನು ದಾರಿಯಲ್ಲಿ ಕೇಳಿ, ಅವನ ಹಿಂದೆ ಬಿದ್ದು, ಬೇಸಾಯ ಮುಗಿದ ತಿಂಗಳುಗಳಲ್ಲಿ ಬೀದರಿಗೆ ಬರುವಂತೆ ಮಾಡಿದ್ದರು. ಮೇಳದ ಅತಿ ಕೆಳಗಿನ ದನಿ ಅವನದು. ನನ್ನನ್ನೂ ಒಮ್ಮೆ ಎಮ್ಮೆ ಕರೆಸಿದರು. ಕೇಳಿ, ನನ್ನ ದಿನಚರಿಯ ಕಡೆ ಬೊಟ್ಟು ಮಾಡಿ, "ನೀವು ಬರೀರಿ," ಎಂದರು.

ನಾಲ್ಕು ದನಿ ಯಾಕೆ, ಒಂದೇ ಸಾಲದೆ ಎಂದು ಕೇಳಿದ್ದಕ್ಕೆ, "ಭಾರದ ನೇಗಿಲಿಗಿ ನಾಕು ಎತ್ತು ಹೂಡ್ತಾರಿಲ್ಲೋ? ನಾಕೂ ಒಂದ ಹೊಲದಾಗ ಹೋಗ್ತಾವ. ಒಂದರ ಹೆಜ್ಜಿ ಮ್ಯಾಲ ಇನ್ನೊಂದು ಹೆಜ್ಜಿ ಇಡ್ತಾವೇನು?" ಎಂದರು.

ಮಿಶನ್ ಶಾಲೆಯನ್ನು ನಡೆಸುತ್ತಿದ್ದ ಬಾಯಿಸಾಹೇಬರು ಹೊಸ ಪೇಟಿಯೊಂದನ್ನು ತರಿಸಿಕೊಟ್ಟಿದ್ದರು. ಮಾಸ್ತರರು ಅದಕ್ಕೆ ಬಟ್ಟೆ ಹೊದಿಸಿ ವಾಪಸು ಕಳಿಸಿದರು. ನನಗೆ ಅದು ಸೊಕ್ಕು ಎನಿಸಿ ಹಾಗೆಂದೇ ಹೇಳಿದೆ. ಅವರು ಬೇಸರಿಸಲಿಲ್ಲ. "ಪೇಟಿ ಬಂದ್ರ ಒಬ್ಬರ ಕೈ ತುಂಬತದರಿ. ಆಮ್ಯಾಲ ಮತ್ತೊಬ್ಬರ ಕೈಗಿ ತಾಳ ಬರ್ತದ. ಮೂರನೇದವನ ಕೈಗಿ ಏನು ಬರ್ತದ ನನಗ ಮಾಲೂಮ ಅದ."

ಆ ಮಾತಿನ ಅರ್ಥ ಎಕಂಬಾದಲ್ಲಿ ಗೊತ್ತಾಯಿತು. ಬೆಳೆ ನೋಡಲು ಹೊರಟ ಅಧಿಕಾರಿಯ ಜೊತೆ ನಾನು ಔರಾದಕ್ಕೆ ಹೋದಾಗ ಅವರೂ ಗಾಡಿಯಲ್ಲಿದ್ದರು. ಔರಾದದ ಹತ್ತಿರದ ಎಕಂಬಾ ಅವರ ಹುಟ್ಟೂರು. ಮೇಳಕ್ಕೆ ಮಕ್ಕಳು ಬೇಕಾಗಿದ್ದರು. ಊರ ಹೊರಗಿನ ಕೇರಿಯಲ್ಲಿ ಅವರ ಮನೆಯವರೆಲ್ಲ ಹಲಗಿ ಬಾರಿಸುವವರು. ಮರದ ಬಳೆಗೆ ತೊಗಲು ಬಿಗಿದು, ಬೆಂಕಿಗೆ ಹಿಡಿದು ಕಾಸಿ, ಕೋಲಿನಿಂದ ಬಾರಿಸುವ ಹಲಗಿ. ಊರಲ್ಲಿ ಮದುವೆಯಾಗಲಿ, ಸಾವಾಗಲಿ, ಕರೆ ಬಂದರೆ ಹೋಗಲೇಬೇಕು. ಇಲ್ಲ ಎನ್ನುವ ಮಾತಿಲ್ಲ. ಕಾಳು ಕೊಟ್ಟರೆ ಕೊಟ್ಟರು.

ಮೂವರು ಮಕ್ಕಳನ್ನು ಕಳಿಸಲು ಮನೆಯವರು ಒಪ್ಪಿದರು. ಒಬ್ಬ ಅಜ್ಜಿ ಮಾತ್ರ ಮೊಮ್ಮಗಳ ರಟ್ಟೆ ಬಿಡಲಿಲ್ಲ.

"ಯಪ್ಪಾ, ನೀ ನಮ್ಮವನ, ನಿನಗ ಗೊತ್ತದ. ಈಗ ಹಾಡು ಅಂತಿ. ನಾಳಿ ಯಾರರ ದೊಡ್ಡವರು ಹಲಗಿ ತಂದು ಮುಂದ ಇಡ್ತಾರ. ನೀನೂ ಬ್ಯಾಡ ಅನಲ್ಲ. ಬಾರಸೂದ ಆದ್ರ ಇಲ್ಲೇ ಬಾರಸ್ತಾವ, ಬೀದರಿಗಿ ಯಾಕ?"

ಮಾಸ್ತರರು ಆ ಅಜ್ಜಿಯ ಮುಂದೆ ಕೈ ಬಿಚ್ಚಿ ತೋರಿಸಿದರು. "ಚಿಗವ್ವಾ, ಈ ಕೈ ನೋಡು. ನಿನ್ನ ಮೊಮ್ಮಗಳು ಹಿಂಗ ಕೈ ಖಾಲಿ ಬಿಟಗೊಂಡು ನಿಂತು ಹಾಡ್ತಾಳ. ನಮ್ಮ ಹಾಡಿನಾಗ ಯಾರರ ಒಬ್ಬರ ಕೈಗಿ ಹಲಗಿ ಬಂತಂದ್ರ, ಅವತ್ತ ಮ್ಯಾಳ ಮುಗೀತು. ಮೂವರನ್ನೂ ನಾನ ತಂದು ನಿಮ್ಮ ಬಾಗಲಿಗಿ ಬಿಡ್ತೀನಿ."

ಅಜ್ಜಿ ರಟ್ಟೆ ಬಿಟ್ಟಳು.

ವಾಪಸು ಬರುವಾಗ ಗಾಡಿಯಲ್ಲಿ ಅವರು ತಾವಾಗಿಯೇ ಹೇಳಿದರು. ಅದನ್ನು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ಅವರು ಏಳೆಂಟು ವರ್ಷದವರಿದ್ದಾಗ ಒಂದು ಬೆಳಿಗ್ಗೆ ಅವ್ವ ಸತ್ತಳು. ಅದೇ ದಿನ ಊರ ದೊಡ್ಡ ಮನೆಯಲ್ಲಿ ಮದುವೆ. ಮದುಮಗನ ಕಡೆಯವರು ಬೇರೆ ಊರಿನಿಂದ ಬರುವವರಿದ್ದರು. ಅಪ್ಪ ಹೋಗಲೇಬೇಕಾಯಿತು; ಕೇರಿಯ ಗಂಡಸರೆಲ್ಲ ಹೋದರು, ಹೆಂಗಸರು ಅಲ್ಲಿನ ಕೆಲಸಕ್ಕೆ ಹೋದರು. ಸಂಜೆಯವರೆಗೆ ಹೆಣದ ಹತ್ತಿರ ಕೂತಿದ್ದು ಇವರೊಬ್ಬರೇ.

"ನಮ್ಮ ಮನಿ ಊರ ಅಗಸಿ ಬಾಗಲ ಹಾದಿಗಿ ಇತ್ತರಿ. ಮೆರವಣಿಗಿ ಹಾಯ್ದು ಬರಬೇಕಿದ್ರ ಮದುಮಗನ ಕುದುರಿ ನಮ್ಮ ಬಾಗಲ ಮುಂದ ನಿಂತುಬಿಡ್ತು. ಏನ ಮಾಡಿದ್ರೂ ಹೆಜ್ಜಿ ಕೀಳಲಿಲ್ಲ. ಅಪ್ಪ ಮುಂದ ಬಂದು ಜೋರಾಗಿ ಬಾರಿಸಿ ಕುದುರಿ ಹೊಂಡಿಸಿದ. ಬಾಗಲು ತೆರದಿತ್ತು. ಅಪ್ಪ ಒಳಗ ನೋಡಲಿಲ್ಲ. ನಾ ಹೊರಗ ನೋಡಿದೆ."

ನಾನು ಆ ದಿನದ ಪುಟದಲ್ಲಿ ಬೆಳೆಯ ಲೆಕ್ಕ ಬರೆದೆ, ಇದನ್ನು ಬರೆಯಲಿಲ್ಲ.

ನನ್ನ ಸೋದರಮಾವ ಸಾಯಗಾಂವದ ಪಾಟೀಲರು. ಅಲ್ಲಿನ ಭಜನಾ ಮೇಳ ಅವರದು; ಭಾಲ್ಕಿಯ ನಮ್ಮ ಓಣಿಯ ಭಜನೆ ಮನೆಯಲ್ಲೂ ಅವರದೇ ಮಾತು. ಬಸವಣ್ಣನವರ ಮಾತೆಂದರೆ ಪ್ರಾಣ ಕೊಡುವವರು. ಉಣ್ಣುವ ಹೊತ್ತಿಗೆ ಬಂದವರನ್ನು ಹಸಿದು ಕಳಿಸಿದವರಲ್ಲ. ಹೊಸ ಹಾಡು ಎಲ್ಲಿದೆ ಎಂದರೆ ಗಾಡಿ ಕಟ್ಟಿಸುವವರು. ಬೀದರಿನ ಮೇಳದ ವಿಷಯ ಹೇಳಿದಾಗ ಅವರು, "ಒಂದು ಸಲ ಭಾಲ್ಕಿಗಿ ಕರಕೊಂಡು ಬಾರೋ. ನಮ್ಮ ಮಂದೀನೂ ಕೇಳಲಿ," ಎಂದರು. ಕರೆಯನ್ನು ನಾನೇ ಒಯ್ದೆ. ಮಾಸ್ತರರು ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ, "ಅಂಗಳದಾಗ ನಿಂದರಸ್ತಾರಂದ್ರ ಬರ್ತೀವಿ. ಬಾಗಲ ಹೊರಗ ಅಂದ್ರ ಇಲ್ಲ," ಎಂದರು. ಮಾವ ಅಂಗಳಕ್ಕೆ ಒಪ್ಪಿದರು. ಕೆಲವರು ತಕರಾರು ಮಾಡಿದ್ದಕ್ಕೆ, "ಬಾಯಿಲೆ ಬಸವಣ್ಣ ಅಂತೀರಿ, ಅಂಗಳದಾಗ ನಾಕು ಕೂಸು ನಿಂತ್ರ ನಿಮ್ಮದೇನು ಹೋಗ್ತದ?" ಎಂದು ಗದರಿದರು.

ಮರುವರ್ಷದ ಇಸ್ಫಂದಾರ್ ತಿಂಗಳು, ಇಳಿಬಿಸಿಲು. ನಮ್ಮ ಓಣಿಯ ಭಜನೆ ಮನೆಯ ಅಂಗಳ ತುಂಬಿತ್ತು. ಬೇವಿನ ಗಿಡದ ಕೆಳಗೆ ಮೇಳದವರು ಅರ್ಧ ಚಂದ್ರದಂತೆ ನಿಂತರು, ಕೈಗಳನ್ನು ಕೆಳಗೆ ಬಿಟ್ಟು. ಮಾಸ್ತರರು ಕಿವಿ ಹಿಡಿದರು. ಮೊದಲ ಹಾಡು ಶುರುವಾಯಿತು.

ನಮ್ಮ ಜನ ಹಾಡು ಕೇಳುತ್ತ ಸುಮ್ಮನೆ ಕೂತವರಲ್ಲ. ಹಾಡುವವರಿಗೆ ಕೈ ತಟ್ಟಿ ತಾಳ ಕೊಡುವುದು, ಸೊಲ್ಲು ಹಿಡಿಯುವುದು ಮರ್ಯಾದೆ. ಸುಮ್ಮನೆ ಕೂತರೆ ಹಾಡು ಸೇರಲಿಲ್ಲ ಎಂದಾಗುತ್ತದೆ. ಅವರು ಸೊಲ್ಲು ಹಿಡಿಯಲು ನೋಡಿದರು. ಯಾವುದನ್ನು ಹಿಡಿಯುವುದು? ಒಂದು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಪಿಸುಮಾತು ಎದ್ದಿತು.

"ಪಾಪ, ಪೇಟಿ ತರೂದು ಮರತಾರ."

"ಮರತಿಲ್ಲೋ, ಇಲ್ಲವೇ ಇಲ್ಲಂತ."

"ಅದಕ್ಕ ನಾಕು ಕಡಿ ಹರಕೊಂಡು ಹೋಗ್ಲತ್ತಾದ. ಹಿಡದು ನಡಸಾಕ ಒಂದು ತಬಲಾ ಬೇಕೋ ಬ್ಯಾಡೋ?"

"ನಮ್ಮವು ಒಳಗ ಅವಲ್ಲ, ಕೊಡಮು. ಬಡ ಮಂದಿ."

ಅದರಲ್ಲಿ ಕುಹಕ ಇರಲಿಲ್ಲ. ಹಾಡು ಮುಗಿಯುವ ಮೊದಲೇ ಒಳಗಿನಿಂದ ಪೇಟಿ ಬಂತು, ತಬಲಾ ಬಂತು, ನಾಲ್ಕು ಜೋಡಿ ತಾಳ ಬಂದವು. ಮೇಳದ ಮುಂದೆ ಸಾಲಾಗಿ ಇಟ್ಟರು. ಮಾಸ್ತರರು ಎಲ್ಲಕ್ಕೂ ಕೈಮುಗಿದು, "ಭಾಳ ಉಪಕಾರ ಆಯಿತರಿ. ನಮಗ ಹಿಂಗ ರೂಢಿ ಆಗ್ಯಾದ," ಎಂದರು. ಜನ ನಕ್ಕರು. ಕುಳಿತರು.

ಆಗ ಮಾವ ಕೇಳಿದರು, "ಮಾಸ್ತರ, ನಿಮ್ಮದು ಮೂಲ ಯಾವ ಊರು?"

"ಎಕಂಬಾ ರೀ."

"ಎಕಂಬಾ? ಯಾರ ಮಗ?"

ಹೆಸರು ಕೇಳಿದರೆ ಜನ ಹಿಂದೆ ಸರಿಯುತ್ತಾರೆ ಎಂದವರು ಅವರೇ. ಆದರೂ ಮುಚ್ಚಿಡಲಿಲ್ಲ. "ಅಗಸಿ ಹಂತ್ಯಾಕ ಹಲಗಿ ಬಾರಸವ ಒಬ್ಬ ಇದ್ದನಲ್ರಿ, ಅವನ ಮಗ."

ಮಾವ ಹಿಂದೆ ಸರಿಯಲಿಲ್ಲ. ಅವರ ಮುಖ ಬೆಳಗಿತು. ಎದ್ದು ನಿಂತರು. "ಅರೆ, ಅವನ ಮಗನೇನು ನೀ? ಕೇಳ್ರಪ್ಪ ಎಲ್ಲಾರೂ. ನನ್ನ ಮದುವ್ಯಾಗ ಬಾರಿಸಿದವ ಇವರಪ್ಪ. ನನ್ನ ಕುದುರಿ ಊರ ಅಗಸ್ಯಾಗ ನಿಂತುಬಿಡ್ತು ನೋಡ್ರಿ, ಕತ್ತೆ ಹಂಗ ಹಟ ಹಿಡದು. ಬೀಗರೆಲ್ಲ ನಗ್ಲತ್ತಾರ, ನನಗ ನಾಚಿಕಿ. ಇವರಪ್ಪ ಮುಂದ ಬಂದು ಎಂಥಾ ಪೆಟ್ಟು ಹಾಕಿದ ಅಂತೀರಿ, ಕುದುರಿ ಕುಣಕೊಂತ ಹೊಂಟಿತು. ಇವತ್ತಿಗೂ ಆ ಬಡಿತ ನನ್ನ ಕಿವ್ಯಾಗ ಅದ."

ಅಂಗಳವೆಲ್ಲ ನಕ್ಕಿತು.

ಮಾವನ ಹೆಂಡತಿ, ನನ್ನ ಅತ್ತೆಯ ತವರು ಎಕಂಬಾ ಎಂಬುದು ನನಗೆ ತಿಳಿವಳಿಕೆ ಬಂದಾಗಿನಿಂದ ಗೊತ್ತಿತ್ತು. ಆದರೂ ಆ ಎರಡು ಸಂಗತಿಗಳನ್ನು ನಾನು ಎಂದೂ ಒಂದು ಕಡೆ ಇಟ್ಟು ನೋಡಿರಲಿಲ್ಲ. ಮಾಸ್ತರರ ಕಡೆ ನೋಡುವ ಧೈರ್ಯ ಬರಲಿಲ್ಲ. ಎಕಂಬಾದ ಆ ಮೂವರು ಮಕ್ಕಳ ಕಡೆ ನೋಡಿದೆ. ಅವರು ಮಾಸ್ತರರ ಕೈಗಳನ್ನೇ ನೋಡುತ್ತಿದ್ದರು.

ಮಾವ ಅಷ್ಟಕ್ಕೇ ಬಿಡಲಿಲ್ಲ. ಪ್ರೀತಿ ಬಂದರೆ ಅವರಿಗೆ ತಡೆ ಇಲ್ಲ. ಯಾರಿಗೋ ಕಣ್ಣು ಮಾಡಿ ಕೇರಿಗೆ ಓಡಿಸಿದರು. ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಹುಲ್ಲಿನ ಬೆಂಕಿ ಹಾಕಿ ಹಲಗಿಯೊಂದನ್ನು ಕಾಸಿದರು. ಅದನ್ನು ತಂದು ಮಾಸ್ತರರ ಕಾಲ ಹತ್ತಿರ ಇಟ್ಟರು.

"ಇವೆಲ್ಲಾ ಬ್ಯಾಡ ಅಂದಿ, ಬಿಡು," ಎಂದರು ಮಾವ. "ಇದು ನಿಮ್ಮ ಮನೀದು. ನಿಮ್ಮಪ್ಪನ ಕೈ ಒಂದು ಸಲ ಕೇಳಸು. ನಿನಗ ಮರ್ಯಾದಿ ಮಾಡ್ಲತ್ತೀನಿ ತಮ್ಮಾ, ಹಗರ ಮಾಡ್ಲತ್ತಿಲ್ಲ."

ನಿಜಕ್ಕೂ ಅದು ಮರ್ಯಾದೆಯೇ ಆಗಿತ್ತು. ನನಗೆ ಅದೇ ಭಯ ಹುಟ್ಟಿಸಿತು. ಬೈದಿದ್ದರೆ ಮಾಸ್ತರರು ಮೇಳ ಕರೆದುಕೊಂಡು ಹೊರಟುಬಿಡಬಹುದಿತ್ತು. ಈಗ ಅವರು ಅದನ್ನು ಕೈಗೆತ್ತಿಕೊಂಡು ಒಂದು ಪೆಟ್ಟು ಹಾಕಿದರೂ ಎಕಂಬಾದ ಅಜ್ಜಿಗೆ ಕೊಟ್ಟ ಮಾತು ಹೋಗುತ್ತದೆ, ಮೇಳ ಅಲ್ಲಿಗೇ ಮುಗಿಯುತ್ತದೆ. ಎತ್ತಿಕೊಳ್ಳದಿದ್ದರೆ ಅಂಗಳ ಕೊಟ್ಟವರ ಮುಖಕ್ಕೆ ಹೊಡೆದಂತೆ. ಇನ್ನೊಮ್ಮೆ ಆ ಮಕ್ಕಳನ್ನು ಯಾವ ಅಂಗಳಕ್ಕೂ ಕರೆಯುವುದಿಲ್ಲ.

ಮಾಸ್ತರರು ಬಗ್ಗಿದರು. ಹಲಗಿಯನ್ನು ಎತ್ತಿಕೊಂಡರು. ಮಕ್ಕಳಲ್ಲಿ ಒಬ್ಬಳ ಬಾಯಿಯಿಂದ ಉಸಿರು ಹೊರಬಿದ್ದದ್ದು ಕೇಳಿಸಿತು. ಅವರು ಬಾರಿಸಲಿಲ್ಲ. ಎರಡೂ ಅಂಗೈಗಳ ಮೇಲೆ ಅದನ್ನು ತಟ್ಟೆಯಂತೆ ಇಟ್ಟುಕೊಂಡು ಅಂಗಳ ದಾಟಿ ಬಂದು ಮಾವನ ಮುಂದೆ ಹಿಡಿದರು.

"ಪಾಟೀಲ್ರ, ನಿಮ್ಮ ಮದುವ್ಯಾಗ ನಮ್ಮಪ್ಪ ಬಾರಿಸ್ಯಾನ. ಇವತ್ತ ನನ್ನ ಮಕ್ಕಳು ಹಾಡ್ತಾವ. ನೀವು ಬಾರಸ್ರಿ."

ಪಾಟೀಲರ ಮನೆತನದವರು ಹಲಗಿ ಮುಟ್ಟಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅವರು ಹಲಗಿಯನ್ನು ನೋಡಿದರು, ಮಾಸ್ತರರನ್ನು ನೋಡಿದರು, ತಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. ಆಮೇಲೆ ಕೈ ಚಾಚಿ ಹಲಗಿ ತೆಗೆದುಕೊಂಡರು.

ಹಿಂದಿನ ಸಾಲಿನಲ್ಲಿ ಜನ ಏಳತೊಡಗಿದರು. ಎದ್ದು ಹೋದವರನ್ನು ಎಣಿಸಲು ಶುರು ಮಾಡಿ ಬಿಟ್ಟುಬಿಟ್ಟೆ.

ಮಾಸ್ತರರು ಗಿಡದ ಕೆಳಗೆ ಮರಳಿ ಕಿವಿ ಹಿಡಿದರು. ಮೂರನೆಯ ಹಾಡು ಬಹಳ ನಿಧಾನದ್ದು. ಮಾವ ಕೋಲಿನಿಂದ ನಾಲ್ಕೈದು ಪೆಟ್ಟು ಹಾಕಿದರು, ತಮ್ಮ ಮದುವೆಯ ಬಡಿತವನ್ನೇ. ಅದು ಹಾಡಿನ ಯಾವ ಕಡೆಯೂ ಕೂರಲಿಲ್ಲ. ತಮಗೇ ನಾಚಿಕೆಯಾಗಿ ಕೋಲು ಕೆಳಗಿಟ್ಟು, ಹಲಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮೇಲೆ ಅಂಗೈ ಊರಿ ಕೂತರು. ಔರಾದದ ರೈತನ ದನಿ ತಳಕ್ಕೆ ಇಳಿಯಿತು. ನಾಲ್ಕು ದಾರಿಗಳು ಒಂದು ಕಡೆ ಬಂದು ನಿಂತವು. ಮಾವ ಬೆಚ್ಚಿ ಕೈ ಎತ್ತಿದರು. ಮತ್ತೆ ಮೆಲ್ಲಗೆ ಇಟ್ಟರು.

"ಲೇ ತಮ್ಮಾ," ಎಂದು ನನ್ನನ್ನು ಹತ್ತಿರ ಕರೆದರು. "ಇಲ್ಲಿ ಕೈ ಇಡು. ಯಾರೂ ಬಡೀಲತ್ತಿಲ್ಲ. ಇದು ತಾನ ನಡಗ್ಲತ್ತಾದ."

ಕೈ ಇಟ್ಟೆ. ಹಾಡಿಗೆ ತೊಗಲು ಜೀವ ಇದ್ದ ಹಾಗೆ ನಡುಗುತ್ತಿತ್ತು. ಮೇಲೆ, ಬೇವಿನ ಎಲೆಗಳ ಹತ್ತಿರ, ಐದನೆಯ ದನಿ ಬಂದಿತ್ತು. ಮಾವ ತಲೆ ಎತ್ತಿ ಅದನ್ನು ಹುಡುಕುತ್ತಿದ್ದರು. ಹಾಡು ಮುಗಿದ ಮೇಲೂ ಕೈ ತೆಗೆಯಲಿಲ್ಲ.

ಅಂದು ವಾದ್ಯದ ಮನೆಯನ್ನು ಖಾಲಿ ಬಿಟ್ಟೆ.

ಬೀಳ್ಕೊಡುವಾಗ ಮಾಸ್ತರರ ಹತ್ತಿರ ಹೋಗಿ, "ಮಾವನಿಗಿ ಆ ದಿನದ್ದು ಏನೂ ಗೊತ್ತಿಲ್ಲರಿ. ನಾ ಹೇಳ್ತೀನಿ," ಎಂದೆ.

"ಬ್ಯಾಡ್ರಿ," ಎಂದರು. "ಅವರಿಗಿ ಅದು ಮದುವಿ ದಿನ. ಇಷ್ಟು ವರ್ಷ ಜತನ ಮಾಡ್ಯಾರ. ನಾ ಇರೂ ತನಕ ಹೇಳಬ್ಯಾಡ್ರಿ." ಆಮೇಲೆ ಗಾಡಿ ಹತ್ತಿ ಕೂತು, ಮೊದಲ ಸಲ, ತಮ್ಮ ಎರಡೂ ಕೈಗಳನ್ನು ಒಂದರಲ್ಲೊಂದು ಬಿಗಿಯಾಗಿ ಹಿಡಿದುಕೊಂಡರು. ಓಣಿಯ ತಿರುವಿನವರೆಗೂ ಬಿಡಲಿಲ್ಲ.

ಆ ಹಲಗಿಯನ್ನು ಮಾವ ಬೆಲೆ ಕೊಟ್ಟು ಕೊಂಡು ಸಾಯಗಾಂವಕ್ಕೆ ಒಯ್ದರು. ಭಜನೆ ಕೋಣೆಯಲ್ಲಿ ತಬಲಾದ ಪಕ್ಕದ ಗೂಟಕ್ಕೆ ಹಾಕಿದರು. ಅದರಿಂದ ಅವರ ಮೇಳದ ಕೆಲವರು ಬರುವುದನ್ನು ಬಿಟ್ಟರು. ಮಾವ ಯಾರನ್ನೂ ಮತ್ತೆ ಕರೆಯಲು ಹೋಗಲಿಲ್ಲ.

ಸಾವಿನ ಸುದ್ದಿಯನ್ನು ಅವರಿಗೆ ಮುಟ್ಟಿಸಲು ನಾನೇ ಹೋದೆ. ಬರುವ ಐತವಾರ ಗೋರಿಯ ಮುಂದೆ ಮೇಳದವರು ಹಾಡುತ್ತಾರೆ ಎಂದು ತಿಳಿಸಿದೆ. ಮಾವ, "ಇನ್ನ ನಲವತ್ತೂ ಆಗಿದ್ದಿಲ್ಲಲ್ಲೋ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಮಾಸ್ತರರು ಹಾಕಿದ ಕಟ್ಟು ಅವರ ಜೊತೆಗೇ ಮುಗಿದಿತ್ತು. ಆ ಮದುವೆಯ ದಿನ ಅಗಸಿಯ ಹತ್ತಿರದ ಆ ಮನೆಯಲ್ಲಿ ಏನಿತ್ತು, ಕುದುರೆ ನಿಂತದ್ದು ಯಾವ ಬಾಗಿಲ ಮುಂದೆ ಎಂಬುದನ್ನು ಹೇಳಿದೆ.

ಮಾವ ಗೋಡೆಗೆ ಒರಗಿದರು. "ನಾ ನಕ್ಕೊಂತ ಹೇಳಿದೆ. ಎಲ್ಲಾರ ಮುಂದ," ಎಂದರು. ಒಳಗೆ ಅತ್ತೆ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ಮಾವ ಎದ್ದು ಗೂಟದಿಂದ ಹಲಗಿ ತೆಗೆದರು. "ಗಾಡಿ ಕಟ್ಟಸು."

ಬೀದರಿನಲ್ಲಿ ಮಿಶನ್‌ನವರ ಗೋರಿಗಳ ಜಾಗ ಊರಾಚೆ ಇದೆ. ಕೆಂಪು ಮಣ್ಣು ಇನ್ನೂ ಹಸಿಯಿತ್ತು. ಮೇಳದವರು ಎಂದಿನಂತೆ ಅರ್ಧ ಚಂದ್ರದಂತೆ, ಖಾಲಿ ಕೈಯಲ್ಲಿ ನಿಂತರು. ನಡುವೆ ಅವರ ಜಾಗವನ್ನು ಹಾಗೇ ಬಿಟ್ಟಿದ್ದರು. ಶ್ರುತಿ ಕೊಡುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಕಂಬಾದ ಅಜ್ಜಿಯ ಮೊಮ್ಮಗಳು ತನ್ನ ಕಿವಿಯ ತುದಿ ಹಿಡಿದು, ಕಣ್ಣು ಮುಚ್ಚಿ ಸ್ವರ ತೆಗೆದಳು. ಹಾಡಿದರು. ನಡುವೆ ಎರಡು ಸಲ ದನಿಗಳು ಒಡೆದವು. ಐದನೆಯ ದನಿ ಬರಲಿಲ್ಲ.

ಎಕಂಬಾದಿಂದ ಅವರ ಕಡೆಯವರೂ ಬಂದಿದ್ದರು. ಐದು ಜನ ಗಂಡಸರು ತಮ್ಮ ಹಲಗಿಗಳನ್ನು ತೊಡೆಯ ಮೇಲಿಟ್ಟುಕೊಂಡು ಗೋರಿಗಳ ಜಾಗದ ಗೋಡೆಯ ಹೊರಗೆ ಕೂತಿದ್ದರು. ಬಾರಿಸಲಿಲ್ಲ. ಅವರಲ್ಲಿ ಹಿರಿಯರು ಮಾಸ್ತರರ ಕಾಕಾ, ಅಪ್ಪನ ತಮ್ಮ. ಹಾಡು ಮುಗಿದ ಮೇಲೆ ಮಾವ ಗೋರಿಯ ಹತ್ತಿರ ಹೋಗಲಿಲ್ಲ. ಹಲಗಿ ಹಿಡಿದುಕೊಂಡು ನೇರ ಅವರ ಮುಂದೆ ಹೋಗಿ ನಿಂತರು. ಐವರೂ ಎದ್ದು ನಿಂತರು.

"ಇವನ ಅವ್ವ ಹೋದ ದಿನ ಯಾರರ ಬಾರಿಸಿದ್ರೇನು?" ಎಂದು ಮಾವ ಕೇಳಿದರು.

"ಯಾರು ಬಾರಸ್ತಾರ್ರಿ?" ಎಂದರು ಕಾಕಾ. "ಊರಾಗ ಯಾರು ಸತ್ರೂ ನಾವು ಬಾರಸ್ತೀವಿ. ಅವತ್ತ ನಾವೆಲ್ಲಾ ಮದುವ್ಯಾಗ ಇದ್ವಿ. ಸುಮ್ಮನ ಒಯ್ದು ಇಟ್ಟು ಬಂದ್ವಿ, ಕತ್ತಲಾದ ಮ್ಯಾಲ."

"ಆ ಮದುವಿ ನಂದು."

ಮಾವ ಹಲಗಿಯನ್ನು ಎದೆಗೆ ಆನಿಸಿಕೊಂಡು ಕೋಲು ಎತ್ತಿದರು. ಗೋರಿಗಳ ನಡುವೆ ಇದ್ದವರೆಲ್ಲ ಇತ್ತ ತಿರುಗಿದರು. ಮಾವ ಬಾರಿಸತೊಡಗಿದರು, ಜೋರಾಗಿ, ತಪ್ಪಿಲ್ಲದೆ. ಆ ಐದೂ ಜನರ ಮುಖ ಬಿಳಿಚಿತು. ಕಾಕಾ ಒಂದು ಹೆಜ್ಜೆ ಮುಂದೆ ಬಂದರು.

"ನಿಲ್ಲಸ್ರಿ ಪಾಟೀಲ್ರ. ಇದು ಮದುವಿದು. ಕುದುರಿ ಹೊಂಡಸೂದು."

ಕೋಲು ಗಾಳಿಯಲ್ಲೇ ನಿಂತಿತು. "ನನಗ ಇದೊಂದ ಬರ್ತದೋ. ಸಾವಿಂದು ನಾ ಎಂದೂ ಲಕ್ಷ ಕೊಟ್ಟು ಕೇಳಿಲ್ಲ."

ಕಾಕಾ ನಮ್ಮೆಲ್ಲರ ಕಡೆ ಒಮ್ಮೆ ನೋಡಿದರು. ಆಮೇಲೆ ಕೈ ಚಾಚಿ ಪಾಟೀಲರ ಮಣಿಕಟ್ಟನ್ನು ಹಿಡಿದರು. ಅವರ ಹಿಂದೆ ನಿಂತ ನಾಲ್ವರು ಉಸಿರು ಬಿಗಿಹಿಡಿದದ್ದು ನನಗೆ ಕಾಣಿಸಿತು.

"ಹಿಂಗ. ಒಂದು ಹಾಕ್ರಿ." ಹಿಡಿದ ಕೈಯಿಂದಲೇ ಕೋಲನ್ನು ತೊಗಲಿನ ಮೇಲೆ ಇಳಿಸಿದರು. "ಈಗ ಹಾಕಬ್ಯಾಡ್ರಿ. ಅದು ಪೂರಾ ಹೋಗಲಿ. ಹೋದ ಮ್ಯಾಲ ಇನ್ನೊಂದು."

ಗೋಡೆಯ ಒಳಗೆ ಮಕ್ಕಳು ಕೈ ಜೋತುಬಿಟ್ಟುಕೊಂಡು ಕೇಳುತ್ತ ನಿಂತಿದ್ದರು. ಮೊದಲ ಪೆಟ್ಟಿನ ಸದ್ದು ಹೊಲ ದಾಟಿ ಹೋಗುತ್ತಿತ್ತು. ಅದು ಪೂರಾ ಹೋಯಿತೋ ಇಲ್ಲವೋ ಎಂದು ಮಾವ ಕಾಕಾನ ಮುಖವನ್ನೇ ನೋಡುತ್ತಿದ್ದರು.